ಆರಲು ಇಟ್ಟ ದುರ್ಬೀನು

ಹುದುಗು ಬಂದ ಹಿಟ್ಟಿನ ಹುಳಿವಾಸನೆ, ಅದರ ಬೆನ್ನಿಗೇ ಕಾದ ಇಟ್ಟಿಗೆಯ ಒಣವಾಸನೆ. ತಾನು ಹುಟ್ಟಿ ಮೊಟ್ಟಮೊದಲು ಉಸಿರಾಡಿದ್ದೇ ಇದನ್ನು ಎಂದು ಅಕ್ಕನಿಗೆ ಅನ್ನಿಸುತ್ತಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಂಗೈಯಗಲದ ಕೂಸನ್ನು ಅಪ್ಪ ಹಿಟ್ಟು ಮುಚ್ಚುವ ಕಂಬಳಿಯಲ್ಲಿ ಸುತ್ತಿ, ಬೇಕರಿಯ ಭಟ್ಟಿಯ ಹಿಂಬದಿ ಗೋಡೆಗೆ ಒತ್ತಿ ಮಲಗಿಸಿದ್ದನಂತೆ. "ಬನ್ನು ಉಬ್ಬಿದ ಹಾಗೆ ಉಬ್ಬಿದವಳು ನೀನು" ಎಂದು ಅವನು ಬದುಕಿರುವ ತನಕ ಹೇಳುತ್ತಿದ್ದ.

ಆ ಮನೆಯಲ್ಲಿ ಜೋಪಾನ ಮಾಡಬೇಕಾದದ್ದೆಲ್ಲ ಭಟ್ಟಿಗೋಡೆಗೆ ಬಂದು ಸೇರುತ್ತಿತ್ತು. ಮಳೆಯಲ್ಲಿ ನೆನೆದ ಶಾಲೆಯ ಪುಸ್ತಕ, ಜ್ವರ ಬಂದ ಬೆಕ್ಕಿನ ಮರಿ, ಕೆಮ್ಮತೊಡಗಿದ ರೇಡಿಯೊ, ಕೆಲವು ವರ್ಷದ ನಂತರ ಹುಟ್ಟಿದ ತಮ್ಮ. ಉಳಿದವರ ಮನೆಯಲ್ಲಿ ಬೀರು ಇರುವಂತೆ ಇವರ ಮನೆಯಲ್ಲಿ ಆ ಗೋಡೆ. ಅದಕ್ಕೆ ಅಂಟಿಕೊಂಡ ಕೋಣೆ ಮೊದಲಿನಿಂದಲೂ ಅಕ್ಕನದು. ಬೇಕರಿಗೆ ಬರುವವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೆಯೇ ಕರೆದು ಬ್ರೆಡ್ಡು ಕೇಳುತ್ತಿದ್ದರು.

ಹಾಗಾಗಿ ಅರವತ್ತು ದಾಟಿದ ಮೇಲೆ, ತನಗೆಂದೇ, ತನ್ನ ಇಷ್ಟಕ್ಕೆಂದೇ ಒಂದು ವಸ್ತುವನ್ನು ಕೊಂಡು ತಂದಾಗ ಅದನ್ನು ಎಲ್ಲಿಡಬೇಕು ಎಂದು ಅವಳು ಯೋಚಿಸಲೇ ಇಲ್ಲ. ಹಿಟ್ಟಿನ ಹಳೆಯ ಕಂಬಳಿ ಸುತ್ತಿ ಭಟ್ಟಿಗೋಡೆಗೆ ಆನಿಸಿಟ್ಟಳು.

ಅದೊಂದು ದುರ್ಬೀನು. ಶಾಲೆಯ ಸಾಮಾನು ಮಾರುವ ಅಂಗಡಿಯ ಗಾಜಿನ ಹಿಂದೆ ಬಹಳ ಕಾಲದಿಂದ ಧೂಳು ತಿನ್ನುತ್ತಿತ್ತು. ಹೊಸದಾಗಿ ಕಲಿಯುವವರಿಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ತೋಳುದ್ದದ ಬಿಳಿ ಕೊಳವೆ, ಮೂರು ಸಪೂರ ಕಾಲು, ಕಣ್ಣಿಟ್ಟು ನೋಡುವ ಕಡೆ ಸಿಕ್ಕಿಸಲು ಎರಡು ಮಸೂರ. ಒಂದು ಸಾಧಾರಣ ದೊಡ್ಡದು ಮಾಡುವುದು, ಇನ್ನೊಂದು ವಿಪರೀತ ದೊಡ್ಡದು ಮಾಡುವುದು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಶನಿಗ್ರಹ ಬ್ರೆಡ್ಡಿನ ಬುಟ್ಟಿಯಷ್ಟು ದೊಡ್ಡದಾಗಿತ್ತು, ಬಣ್ಣಬಣ್ಣದ ಉಂಗುರ ಹಾಕಿಕೊಂಡು ಮೆರೆಯುತ್ತಿತ್ತು.

ಅವಳಿಗೆ ಗ್ರಹಗಳ ಹುಚ್ಚು ಹತ್ತಿಸಿದವನು ಅಪ್ಪನೇ, ಅದೂ ಅವನಿಗೆ ಗೊತ್ತಿಲ್ಲದೆ. ಚಿಕ್ಕಂದಿನಲ್ಲಿ ನಸುಕಿನ ಹೊತ್ತು ಅವನ ಸೈಕಲ್ಲಿನ ಹಿಂದೆ ಬುಟ್ಟಿ ಅಪ್ಪಿಕೊಂಡು ಕೂತು ಮನೆಮನೆಗೆ ಬ್ರೆಡ್ಡು ಕೊಡಲು ಹೋಗುವಾಗ, ಮನೆಗಳ ಸೂರಿನ ಮೇಲೆ ಒಂದು ಬೆಳಕು ಮಿನುಗದೆ ಸುಮ್ಮನೆ ನಿಂತಿರುತ್ತಿತ್ತು.

"ಅಪ್ಪ, ಆ ನಕ್ಷತ್ರ ಯಾಕೆ ಕಣ್ಣು ಮಿಟುಕಿಸಲ್ಲ?"

"ಅದು ನಕ್ಷತ್ರ ಅಲ್ಲ, ಗ್ರಹ."

"ಗ್ರಹದಲ್ಲಿ ಏನಿರುತ್ತೆ?"

"ನನಗೇನು ಗೊತ್ತು. ಬುಟ್ಟಿ ಗಟ್ಟಿಯಾಗಿ ಹಿಡ್ಕೋ."

ಅಂದಿನಿಂದ ಅವಳು ಬುಟ್ಟಿ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದಳು. ಅಮ್ಮ ಹೋದಳು, ಅಪ್ಪ ಹೋದ, ತಮ್ಮನಿಗೆ ಮದುವೆಯಾಯಿತು, ಬೇಕರಿ ಬೆಳೆಯಿತು. ಅಕ್ಕ ನಸುಕಿನಲ್ಲಿ ಭಟ್ಟಿಯ ಮುಂದೆ ನಿಂತವಳು ಕತ್ತಲಾಗುತ್ತಲೇ ಹಾಸಿಗೆಗೆ ಬೀಳುತ್ತಿದ್ದಳು. ಆಕಾಶ ಅವಳ ಪಾಲಿಗೆ ಸಂಜೆಯ ಒಂದು ತುಂಡು ಮಾತ್ರ, ಕೆಲಸ ಮುಗಿದು ನಿದ್ದೆ ಹತ್ತುವ ಮೊದಲಿನದು.

ದುರ್ಬೀನು ತಂದ ಕೆಲವೇ ದಿನಕ್ಕೆ ಅವಳು ಮನೆಯವರನ್ನೆಲ್ಲ ಬಯಲು ಮಹಡಿಗೆ ಕರೆದಳು. ಮನೆಯವರು ಎಂದರೆ ತಮ್ಮ, ತಮ್ಮನ ಹೆಂಡತಿ, ಜೊತೆಗೆ ಹಿಟ್ಟು ಕಲಸುವ ಎಕ್ಸ್‌ಪ್ರೆಸ್. ಹೆಸರು ಹಾಗಿದ್ದರೂ ಐವತ್ತು ದಾಟಿದ ಆ ಮನುಷ್ಯನಷ್ಟು ನಿಧಾನಿ ಆ ಬೀದಿಯಲ್ಲೇ ಇರಲಿಲ್ಲ. ಅದಕ್ಕೇ ಆ ಹೆಸರು.

ಹೊಗೆಗೂಡಿನ ಪಕ್ಕದಲ್ಲಿ, ಬೆಚ್ಚಗಿರುತ್ತದೆಂದು ಅಕ್ಕ ದುರ್ಬೀನನ್ನು ಶನಿಯತ್ತ ತಿರುಗಿಸಿ ನಿಲ್ಲಿಸಿದ್ದಳು. ತೋರಿಸುವುದಾದರೆ ದೊಡ್ಡದನ್ನೇ ತೋರಿಸಬೇಕೆಂದು ವಿಪರೀತ ದೊಡ್ಡದು ಮಾಡುವ ಮಸೂರವನ್ನೇ ಸಿಕ್ಕಿಸಿದ್ದಳು. ತಮ್ಮ ಸೊಂಟಕ್ಕೆ ಕೈಯಿಟ್ಟು ಬಾಗಿ ನೋಡಿದ.

"ಅಕ್ಕ, ಇದು ಶನಿ ಅಲ್ಲ. ಬಿಸಿ ಬಾಣಲೆಗೆ ಬಿದ್ದ ಬೆಣ್ಣೆ. ಕರಗ್ತಾ ಇದೆ, ಬೇಗ ಯಾರಾದ್ರೂ ಬ್ರೆಡ್ಡು ತನ್ನಿ."

ತಮ್ಮನ ಹೆಂಡತಿ ನಗು ನುಂಗಿಕೊಂಡಳು. ಎಕ್ಸ್‌ಪ್ರೆಸ್ ತನ್ನ ಸರದಿ ಬಂದಾಗ ಅಲುಗಾಡದೆ ನೋಡುತ್ತ ನಿಂತೇ ಬಿಟ್ಟ.

"ಏನು ಕಂಡಿತು ಹೇಳು ಮಾರಾಯ" ಎಂದ ತಮ್ಮ.

"ಏನೋ ಅಲ್ಲಾಡ್ತಾ ಇದೆ ಧಣಿ. ನನ್ನ ರೆಪ್ಪೆನೂ ಇರಬಹುದು."

"ಶನಿ ಹೆಗಲೇರಿತು ಅಂತ ಕೇಳಿದ್ದೆ. ನಮ್ಮ ಮನೇಲಿ ಮಹಡಿ ಏರಿದೆ" ಎಂದು ತಮ್ಮ ನಗುತ್ತ ಇಳಿದುಹೋದ. ಅಕ್ಕನೂ ನಕ್ಕಳು. ಆದರೆ ಕೊಳವೆಗೆ ಮುಚ್ಚಳ ಹಾಕುವಾಗ ಅವಳ ಕೈ ಸ್ವಲ್ಪ ಜೋರಾಗಿಯೇ ಒತ್ತಿತು.

ಆ ವಾರವೇ ಒಂದು ದಿನ ಅಡುಗೆಮನೆಯಲ್ಲಿ ತಮ್ಮ ಮಾತು ತೆಗೆದ. ಬೇಕರಿಯ ಮುಂಬದಿಯ ಉಗ್ರಾಣದ ನೆಲ ತೇವ ಹಿಡಿದು ಹಿಟ್ಟಿನ ಮೂಟೆಗಳ ತಳ ಗಂಟುಗಟ್ಟುತ್ತಿತ್ತು. ಅದು ನಿಜವಾದ ತೊಂದರೆಯೇ. ಜರಡಿ ಹಿಡಿದು ಆ ಗಂಟು ಒಡೆಯುವವಳು ಅಕ್ಕನೇ ಆಗಿದ್ದರಿಂದ ಅವಳಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ವೆಲ್ಡರ್‌ಗೆ ಹೇಳಿದ್ದೀನಿ, ಭಾನುವಾರ ಬರ್ತಾನೆ. ಮಹಡಿಗೆ ಪೂರ್ತಿ ಶೀಟು ಹೊದಿಸಿಬಿಡೋಣ. ಮೂಟೆ ಎಲ್ಲ ಮೇಲಕ್ಕೆ."

"ಪೂರ್ತಿನಾ?"

"ಅರ್ಧ ಹೊದಿಸಿದರೆ ಇನ್ನರ್ಧಕ್ಕೆ ಮಳೆ ಬೀಳಲ್ಲ ಅಂತ ಬರೆದುಕೊಡುತ್ತಾ?"

"ನನ್ನನ್ನ ಕೇಳಲಿಲ್ಲ ನೀನು."

"ಈಗ ಕೇಳ್ತಾ ಇದ್ದೀನಲ್ಲ."

"ಈಗ ಹೇಳ್ತಾ ಇದ್ದೀಯ."

ತಮ್ಮ ತಲೆಯೆತ್ತಿ ನೋಡಿದ. ಆ ದನಿಯನ್ನು ಅವನು ಅಕ್ಕನ ಬಾಯಲ್ಲಿ ಕೇಳಿದ್ದು ಅಪರೂಪ. ಜಿಪುಣ ಗಿರಾಕಿಗಳಿಗೆಂದು ಅವಳು ಎತ್ತಿಟ್ಟುಕೊಂಡಿದ್ದ ದನಿ ಅದು.

"ಆ ಆಟಿಕೆಗೋಸ್ಕರನಾ ಅಕ್ಕ? ಅದರಲ್ಲಿ ಕಾಣೋದಾದ್ರೂ ಏನು? ಸರಿ, ಒಂದು ಪಂದ್ಯ. ಶನಿಯನ್ನ ಶನಿವಾರವೇ ತೋರಿಸು. ಉಂಗುರ ನನ್ನ ಕಣ್ಣಿಗೆ ನೆಟ್ಟಗೆ ಕಂಡರೆ ವೆಲ್ಡರ್‌ನ ವಾಪಸ್ ಕಳಿಸ್ತೀನಿ. ಕಾಣದಿದ್ದರೆ ಅದನ್ನ ಪೆಟ್ಟಿಗೆಗೆ ಹಾಕಿ, ತುಟಿ ಪಿಟಿಕ್ ಅನ್ನಬಾರದು."

"ಒಪ್ಪಿದೆ" ಎಂದುಬಿಟ್ಟಳು ಅಕ್ಕ.

ಹಠ ಎನ್ನುವುದು ಅವಳಿಗೆ ಹೊಸದಲ್ಲ. ಹಠವಿಲ್ಲದೆ ಯಾರೂ ಅಷ್ಟು ವರ್ಷ ನಸುಕಿಗೆ ಏಳಲಾರರು. ಆದರೆ ತನಗಾಗಿ ಹಿಡಿದ ಹಠ ಇದೇ ಮೊದಲು, ಹೇಗೆ ಹಿಡಿಯಬೇಕೆಂಬ ಅಂದಾಜು ಇರಲಿಲ್ಲ. ಮಾರನೆಯ ದಿನದಿಂದಲೇ ಕೆಲಸಕ್ಕೆ ಇಳಿದಳು. ಹಗಲಲ್ಲಿ ದೂರದ ನೀರಿನ ಟ್ಯಾಂಕಿನ ತುದಿಗೆ ಗುರಿಯಿಟ್ಟು, ದೊಡ್ಡ ಕೊಳವೆಯೂ ಅದರ ಬೆನ್ನ ಮೇಲಿನ ಪುಟ್ಟ ಗುರಿಕೊಳವೆಯೂ ಒಂದನ್ನೇ ನೋಡುವ ಹಾಗೆ ತಿರುಪು ತಿರುಗಿಸಿದಳು. ಇನ್ನು ಗ್ರಹವನ್ನು ಹುಡುಕುತ್ತ ಕತ್ತು ನೋಯಿಸಿಕೊಳ್ಳಬೇಕಾಗಿರಲಿಲ್ಲ. ಸಪೂರ ಕಾಲುಗಳು ಗಾಳಿಗೆ ನಡುಗುತ್ತಿದ್ದವು. ತಕ್ಕಡಿಯ ಕಬ್ಬಿಣದ ತೂಕಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಮೂರು ಕಾಲಿನ ನಡುವೆ ತೂಗುಬಿಟ್ಟಳು. ನಡುಕ ನಿಂತಿತು. ಬೀದಿದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೇನು ಮಾಡುವುದೆಂದು ಅವಳು ಯೋಚಿಸುತ್ತಿರುವಾಗಲೇ, ಒಂದು ಸಂಜೆ ಆ ಕಡೆಯ ಹಗ್ಗದ ಮೇಲೆ ಕಪ್ಪು ಹೊದಿಕೆಯೊಂದು ಒಣಗುತ್ತಿತ್ತು. ತಮ್ಮನ ಹೆಂಡತಿ ಅದನ್ನು ಒಗೆದಿರಲೇ ಇಲ್ಲ.

"ಒಣಗಿರೋ ಹೊದಿಕೆಯನ್ನ ಯಾಕೆ ಒಣಗಿಸ್ತಿದ್ದೀಯ?" ಎಂದಳು ಅಕ್ಕ.

"ನಾಳೆ ಒಗೆಯೋಣ ಅಂತ ಅತ್ತಿಗೆ. ಇವತ್ತೇ ಹರವಿಟ್ಟೆ."

ಇಷ್ಟೆಲ್ಲ ಆದರೂ ಶನಿ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ದೊಡ್ಡ ಮಸೂರ ಹಾಕಿದರೆ ದೊಡ್ಡದಾಗಿ ಕದಡುತ್ತಿತ್ತು, ಸಣ್ಣದು ಹಾಕಿದರೆ ಸಣ್ಣದಾಗಿ ಕದಡುತ್ತಿತ್ತು. ಅಂಚು ಕುದಿಯುತ್ತಿತ್ತು. ಉಂಗುರ ಇದೆಯೋ, ಇರಬೇಕೆಂಬ ಆಸೆಯೇ ಹಾಗೆ ತೋರಿಸುತ್ತಿದೆಯೋ ತಿಳಿಯುತ್ತಿರಲಿಲ್ಲ. ನೋಡಿ ಮುಗಿಸಿ ಅವಳು ದುರ್ಬೀನನ್ನು ಕೂಸಿನ ಹಾಗೆ ಎತ್ತಿಕೊಂಡು ಇಳಿದು, ತೇವ ತಾಗದಿರಲೆಂದು ಕಂಬಳಿ ಸುತ್ತಿ, ಮತ್ತೆ ಭಟ್ಟಿಗೋಡೆಗೆ ಆನಿಸುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಅವಳು ಭಟ್ಟಿಯ ಬಾಯಿಯ ಮುಂದೆ, ಬ್ರೆಡ್ಡು ಎಳೆಯುವ ಉದ್ದ ಹಿಡಿಯ ಹಲಗೆ ಹಿಡಿದು ನಿಂತಿದ್ದಳು. ಎದುರು ಗೋಡೆಯ ಗಡಿಯಾರ ಬಿಸಿಗಾಳಿಯ ಆಚೆ ನೀರಲ್ಲಿ ಮುಳುಗಿದಂತೆ ಬಳುಕುತ್ತಿತ್ತು. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು, ಯಾವತ್ತೂ ಗಮನಕ್ಕೆ ಬಂದದ್ದಲ್ಲ. ಅಷ್ಟರಲ್ಲಿ ಎಕ್ಸ್‌ಪ್ರೆಸ್, ಹೊತ್ತಿಗೆ ಮುಂಚೆ ಬಂದ ಗಿರಾಕಿಯೊಬ್ಬರ ಅವಸರಕ್ಕೆ, ಈಗಷ್ಟೇ ಹೊರಬಂದ ಬ್ರೆಡ್ಡಿಗೆ ಚಾಕು ಹಚ್ಚಿದ.

"ಬಿಸಿ ಇದ್ದಾಗ ಕುಯ್ಯಬೇಡ ಅಂತ ಎಷ್ಟು ಸಲ ಹೇಳೋದು? ಒಳಗೆಲ್ಲ ಕಲಸಿಹೋಗುತ್ತೆ. ಆರಬೇಕು ಅದು, ಆರಬೇಕು" ಎಂದು ಗದರಿದವಳು ಹಾಗೆಯೇ ನಿಂತಳು.

"ಆರಲಿ ಬಿಡಿ ಅಕ್ಕ" ಎಂದು ಎಕ್ಸ್‌ಪ್ರೆಸ್ ಚಾಕು ಕೆಳಗಿಟ್ಟ. ಅಕ್ಕ ಹಲಗೆಯನ್ನು ಅವನ ಕೈಗೆ ತುರುಕಿ ತನ್ನ ಕೋಣೆಗೆ ನಡೆದಳು. ಕಂಬಳಿಯೊಳಗೆ ಕೈ ಹಾಕಿ ಕೊಳವೆಯನ್ನು ಮುಟ್ಟಿದಳು. ಹೊಸ ಬ್ರೆಡ್ಡಿನಷ್ಟು ಬೆಚ್ಚಗಿತ್ತು.

ಅವಳಿಗೆ ತನ್ನ ಮೇಲೇ ನಗು ಬಂತು, ಅದರ ಹಿಂದೆ ಸಿಟ್ಟು. ಬೇರೆ ಯಾರ ಮನೆಯಲ್ಲೂ ಈ ತಪ್ಪು ಆಗುತ್ತಿರಲಿಲ್ಲ. ಅಟ್ಟದ ಮೇಲೋ ಮಂಚದ ಕೆಳಗೋ ಎಸೆದಿಟ್ಟವರ ದುರ್ಬೀನು ನೆಟ್ಟಗೆ ಕಾಣಿಸುತ್ತಿತ್ತು. ತಾನು ಮಾತ್ರ ಅಕ್ಕರೆಯಿಂದ ಅದನ್ನು ಹಗಲಿಡೀ ಕಾಯಿಸಿ, ತಂಪಾದ ಸಂಜೆಗೆ ತಂದು, ಮೇಲಿಂದ ಹೊಗೆಗೂಡಿನ ಪಕ್ಕದಲ್ಲೇ ನಿಲ್ಲಿಸಿ, ಕೊಳವೆಯೊಳಗೂ ಹೊರಗೂ ಏಳುವ ಬಿಸಿಗಾಳಿಯ ಮೂಲಕ ಗ್ರಹ ನೋಡುತ್ತಿದ್ದಳು. ಶನಿಯ ತಪ್ಪಲ್ಲ, ಗಾಜಿನ ತಪ್ಪೂ ಅಲ್ಲ. ಇಷ್ಟು ದಿನ ಅವಳು ಬಿಸಿ ದುರ್ಬೀನನ್ನು ಕುಯ್ಯುತ್ತಿದ್ದಳು.

ಮಧ್ಯಾಹ್ನವೇ ಅದನ್ನು ಮಹಡಿಯ ದೂರದ ಮೂಲೆಗೆ, ಹೊಗೆಗೂಡಿಗೆ ಬೆನ್ನು ಮಾಡಿ, ಮೆಟ್ಟಿಲ ಕೋಣೆಯ ನೆರಳಿಗೆ ಒಯ್ದಳು. ಬ್ರೆಡ್ಡು ಆರಿಸುವ ತಂತಿಯ ಜಾಲರಿಯ ಮೇಲೆ, ಅಡಿಯಿಂದಲೂ ಗಾಳಿಯಾಡುವಂತೆ ಉದ್ದಕ್ಕೆ ಮಲಗಿಸಿದಳು.

ನೀರಿನ ತೊಟ್ಟಿ ನೋಡಲು ಬಂದ ಎಕ್ಸ್‌ಪ್ರೆಸ್ ಅದರ ಸುತ್ತ ಒಂದು ಸುತ್ತು ಬಂದ.

"ಇದನ್ನ ಯಾವಾಗ ಪ್ಯಾಕ್ ಮಾಡೋದು ಅಕ್ಕ?"

"ಹೊತ್ತು ಮುಳುಗಿದ ಮೇಲೆ."

"ಹಾಗಾದ್ರೆ ನನಗೆ ಅವಸರ ಇಲ್ಲ" ಎಂದು ಅವನು ಹೋದ. ಹೋಗುವಾಗ ನೆರಳು ಸರಿದರೆ ಬಿಸಿಲು ಬೀಳದಿರಲೆಂದು ಖಾಲಿ ಗೋಣಿಯೊಂದನ್ನು ಗೋಡೆಗೆ ಅಡ್ಡ ಕಟ್ಟಿಹೋದ.

ತಮ್ಮ ಅಂದು ಹಿಟ್ಟು ತರಲು ಹೊರಗೆ ಹೋಗಿದ್ದ. ಸಂಜೆ ಪಡುವಣದ ಕೆಂಪು ಇನ್ನೂ ಆರಿರಲಿಲ್ಲ. ಅಕ್ಕ ಸಾಧಾರಣ ಮಸೂರವನ್ನು ಸಿಕ್ಕಿಸಿ ಬಾಗಿದಳು. ಮೊದಲು ಮಸುಕು ಚುಕ್ಕಿ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು, ಇನ್ನೊಂದು ಕೂದಲೆಳೆ. ನಿಂತಿತು.

ಸಣ್ಣದು. ಅಕ್ಕಿಕಾಳಿಗಿಂತ ಸಣ್ಣದು. ಪೆಟ್ಟಿಗೆಯ ಮೇಲಿನ ಚಿತ್ರ ಅಪ್ಪಟ ಸುಳ್ಳು. ಆದರೆ ಆ ಕಾಳಿನಷ್ಟು ಗ್ರಹದ ಅಂಚು ಚಾಕುವಿನ ಬಾಯಿಯಂತೆ ಹರಿತವಾಗಿತ್ತು, ಅದರ ಸುತ್ತ ಉಂಗುರ, ಗ್ರಹಕ್ಕೂ ಉಂಗುರಕ್ಕೂ ನಡುವೆ ಕಪ್ಪು ಸಂದು. ಕೆನೆಯ ಬಣ್ಣ. ಕಲಕಲಿಲ್ಲ, ಕರಗಲಿಲ್ಲ. ಅವಳು ದೊಡ್ಡ ಮಸೂರಕ್ಕೆ ಬದಲಾಯಿಸಿದಳು. ಅದರಲ್ಲಿ ಗ್ರಹ ಒಮ್ಮೆ ನಡುಗುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ನಿಂತ ಗಳಿಗೆಗಾಗಿ ಕಾಯಬೇಕಿತ್ತು. ಕಾಯುವುದರಲ್ಲಿ ಅವಳದು ಎತ್ತಿದ ಕೈ.

ಬಟ್ಟೆ ತೆಗೆಯಲು ಬಂದ ತಮ್ಮನ ಹೆಂಡತಿಯನ್ನು ಅಕ್ಕ ಭುಜ ಹಿಡಿದು ಕೂರಿಸಿದಳು. ಅವಳು ನೋಡಿದಳು. ತಲೆಯೆತ್ತಿ ಕೊಳವೆಯ ಮುಂಬದಿಯನ್ನು ಬೆರಳಿನಿಂದ ಸವರಿದಳು.

"ಅತ್ತಿಗೆ, ಇಲ್ಲಿ ಏನೂ ಚಿತ್ರ ಅಂಟಿಸಿಲ್ಲ ತಾನೆ?"

"ನಾನು ಅಂಟಿಸಿದ್ದರೆ ಇನ್ನೂ ಸ್ವಲ್ಪ ದೊಡ್ಡದು ಅಂಟಿಸ್ತಿದ್ದೆ."

ತಮ್ಮನ ಹೆಂಡತಿ ಮತ್ತೆ ಬಾಗಿದಳು. ತೋಳಿನ ಮೇಲೆ ಒಣಗಿದ ಬಟ್ಟೆಗಳನ್ನು ಹಾಕಿಕೊಂಡೇ ಬಹಳ ಹೊತ್ತು ನೋಡಿದಳು.

ಶನಿವಾರ ಮೋಡ. ಬೆಳಿಗ್ಗೆ ಅಂಚಿನಲ್ಲಿ ಇದ್ದದ್ದು ಸಂಜೆಗೆ ನೆತ್ತಿಗೆ ಬಂದು, ಇಡೀ ಆಕಾಶಕ್ಕೆ ಯಾರೋ ಆಗಲೇ ಶೀಟು ಹೊದಿಸಿದಂತಾಯಿತು. ತಮ್ಮ ಮಾತಿಗೆ ತಪ್ಪದೆ ಮೇಲೆ ಬಂದ. ಮೊದಲು ನಗುತ್ತ ಕೂತ. ಆಮೇಲೆ ನಗುವುದನ್ನು ಬಿಟ್ಟು ತಾನೂ ಕತ್ತೆತ್ತಿ ಮೋಡದ ಸಂದು ಹುಡುಕತೊಡಗಿದ. ಪೂರ್ತಿ ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದ. ಅಷ್ಟು ಕೂರಬೇಕೆಂದು ಪಂದ್ಯದಲ್ಲಿ ಇರಲಿಲ್ಲ.

"ನಾನು ನಿನ್ನೆ ನೋಡಿದ್ದೀನಿ. ಉಂಗುರ ಇದೆ" ಎಂದಳು ಅವನ ಹೆಂಡತಿ.

"ನೀನು ಅಕ್ಕನ ಕಡೆ."

"ಉಂಗುರ ಯಾರ ಕಡೆನೂ ಅಲ್ಲ."

"ಪಂದ್ಯ ಅಂದರೆ ಪಂದ್ಯ" ಎಂದು ತಮ್ಮ ಮಂಡಿ ಊರಿ ಎದ್ದ. "ನನ್ನ ಕಣ್ಣಿಗೆ ಅಂತ ಹೇಳಿದ್ದೆ. ಬೇಜಾರು ಮಾಡ್ಕೋಬೇಡ ಅಕ್ಕ. ಬೆಳಿಗ್ಗೆ ವೆಲ್ಡರ್ ಬರ್ತಾನೆ."

ಅಕ್ಕ ತುಟಿ ಪಿಟಿಕ್ ಎನ್ನಲಿಲ್ಲ. ಒಪ್ಪಿದ ಮಾತಿನಂತೆಯೇ ಸುಮ್ಮನೆ ಇಳಿದು ಹೋಗಿ ಮಲಗಿದಳು. ಬೆನ್ನಿಗೆ ಭಟ್ಟಿಗೋಡೆಯ ಕಾವು. ಎಷ್ಟು ಹೊರಳಿದರೂ ಆ 'ಒಪ್ಪಿದೆ' ಎನ್ನುವ ಮಾತು ಹಲ್ಲಿಗೆ ಸಿಕ್ಕಿದ ನಾರಿನಂತೆ ಚುಚ್ಚುತ್ತಿತ್ತು. ಸೋತದ್ದಕ್ಕಲ್ಲ, ಆಡಿದ್ದಕ್ಕೆ.

ಭಾನುವಾರ ಬಿಸಿಲು ಏರುವ ಮೊದಲೇ ವೆಲ್ಡರ್ ಬಂದ. ದಪ್ಪ ಮೀಸೆಯ, ದೊಡ್ಡ ಹೊಟ್ಟೆಯ ಮನುಷ್ಯ. ಹಲ್ಲಿಲ್ಲದ ಕಾಲದಿಂದಲೂ ಅಕ್ಕನ ಕೈಯ ಬನ್ನು ತಿಂದವನು. ಪೈಪುಗಳನ್ನು ಮಹಡಿಗೆ ಏರಿಸಿ, ಸೀಮೆಸುಣ್ಣದಲ್ಲಿ ಒಂದು ಮೂಲೆಗೆ ಗುರುತು ಹಾಕಿ, ಉಪಕರಣ ತರಲು ತಿರುಗಿದ. ಮತ್ತೆ ನೋಡಿದರೆ ಗುರುತಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಅಕ್ಕ.

"ಅಕ್ಕ, ಸ್ವಲ್ಪ ಪಕ್ಕಕ್ಕೆ."

"ಆಗಲ್ಲ."

ವೆಲ್ಡರ್ ತಲೆ ಕೆರೆದುಕೊಂಡು ಇನ್ನೊಂದು ಮೂಲೆಗೆ ಹೋಗಿ ಗುರುತು ಹಾಕಿದ. ಅಕ್ಕ ಎದ್ದು ಕುರ್ಚಿ ಎಳೆದುಕೊಂಡು ಅಲ್ಲಿಗೆ ಹೋಗಿ ಕೂತಳು.

"ನಾಲ್ಕು ಮೂಲೆ ಇದೆ ಅಕ್ಕ. ನೀವು ಒಬ್ಬರೇ."

"ಕುರ್ಚಿ ಹಗುರ ಇದೆ."

ಅವನು ಕೆಳಗೆ ಬಗ್ಗಿ ಧಣಿಯನ್ನು ಕೂಗಿದ. ಕೂಗಿ ಬಂದು, "ಅವರು ಬರೋ ತನಕ ಆ ನೆರಳಿನ ಮೂಲೆಯಲ್ಲಿ ಕೂರಿ. ಬಿಸಿಲು ಏರ್ತಾ ಇದೆ. ನೀವಿಲ್ಲದ ಮೂಲೆಗೂ ನಾನು ಕೈ ಹಾಕಲ್ಲ" ಎಂದ. ಅಕ್ಕ ಅವನ ಮುಖ ನೋಡಿ, ನಂಬಿ, ನೆರಳಿಗೆ ಸರಿದಳು.

ತಮ್ಮ ಕೈಗೆ ಅಂಟಿದ ಹಿಟ್ಟಿನೊಂದಿಗೇ ಮೇಲೆ ಬಂದ.

"ಇದೇನು ಅಕ್ಕ? ಪಂದ್ಯ ಸೋತೆಯಲ್ಲ ನೀನು."

"ಮೋಡಕ್ಕೆ ಸೋತೆ. ನಿನಗಲ್ಲ."

"ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಅದನ್ನ ವಾಪಸ್ ತಗೋತಾ ಇದ್ದೀನಿ. ಉಂಗುರ ಕಂಡರೆ ಮಹಡಿ ನನ್ನದು, ಕಾಣದಿದ್ದರೆ ನಿನ್ನದು ಅಂತ ಯಾವ ಊರ ನ್ಯಾಯ? ಅಪ್ಪ ಮನೆಯನ್ನ ಇಬ್ಬರಿಗೂ ಅಂತ ಬಿಟ್ಟು ಹೋದಾಗ ಉಂಗುರದ ಮಾತೇ ಎತ್ತಿರಲಿಲ್ಲ."

ವೆಲ್ಡರ್ ಬೇರೆ ಕಡೆ ತಿರುಗಿ ಪೈಪುಗಳನ್ನು ಎಣಿಸತೊಡಗಿದ.

"ಜನರ ಮುಂದೆ ಹೀಗೆಲ್ಲ" ಎಂದ ತಮ್ಮ ದನಿ ತಗ್ಗಿಸಿ.

"ಇವನೇನು ಜನ? ಇವನ ಮೊದಲ ಹಲ್ಲು ಬಂದದ್ದು ನಮ್ಮ ಒಣ ಬ್ರೆಡ್ಡಿನ ಮೇಲೆ. ನೋಡು, ನನ್ನ ಕಣ್ಣಿಗೆ ಕಂಡಿದೆ. ನಿನಗೆ ಕಾಣಬೇಕು ಅಂತ ಆಸೆ ಇತ್ತು, ಈಗಲೂ ಇದೆ. ಆದರೆ ನಿನ್ನ ಕಣ್ಣಿಗೆ ಕಂಡಮೇಲೆ ಮಾತ್ರ ನನಗೆ ಕಂಡದ್ದು ನಿಜ ಅಂತ ಆಗಬೇಕಾ?"

"ಹಿಟ್ಟು ಹಾಳಾಗ್ತಾ ಇದೆಯಲ್ಲ ಅಕ್ಕ. ಅದಕ್ಕೆ ಏನು ಮಾಡ್ಲಿ? ಶನಿಗ್ರಹಕ್ಕೆ ಕಳಿಸ್ಲಾ?"

"ನನ್ನ ಕೋಣೆಗೆ ಹಾಕು."

"ನಿನ್ನ ಕೋಣೆಗಾ?"

"ಮನೇಲಿ ಅದಕ್ಕಿಂತ ಒಣ ಜಾಗ ಎಲ್ಲಿದೆ? ಬೆನ್ನಿಗೆ ಭಟ್ಟಿ ಇದೆ. ಒಂದು ಮೂಟೆನೂ ಗಂಟು ಕಟ್ಟಲ್ಲ. ಎಕ್ಸ್‌ಪ್ರೆಸ್ ಮೂಟೆ ಹೊತ್ತು ಮಹಡಿ ಹತ್ತೋದೂ ತಪ್ಪುತ್ತೆ. ಅವನು ಹತ್ತಿ ಇಳಿಯೋದರೊಳಗೆ ಹಿಟ್ಟು ಹುಳ ಹಿಡಿಯುತ್ತೆ."

"ಮತ್ತೆ ನೀನು?"

ಅಕ್ಕ ಮೆಟ್ಟಿಲ ಕೋಣೆಯ ಕಡೆ ಗದ್ದದಿಂದಲೇ ತೋರಿಸಿದಳು. ಹಳೆಯ ತಗಡಿನ ಡಬ್ಬಿ, ಮುರಿದ ಬುಟ್ಟಿ ತುಂಬಿದ್ದ ಪುಟ್ಟ ಕೋಣೆ. ಕಿಟಕಿ ಇತ್ತು, ಅದಕ್ಕೆ ಬಾಗಿಲು ಇರಲಿಲ್ಲ.

"ಹುಚ್ಚಾ ನಿನಗೆ? ಅಲ್ಲಿ ಚಳಿ. ಹುಟ್ಟಿದಾಗಿಂದ ಗೋಡೆ ಕಾವಿನಲ್ಲಿ ಮಲಗಿದವಳು ನೀನು. ನಿನ್ನ ಮಂಡಿ ಏನಾಗಬೇಕು?"

"ಚಳಿ ಬೇಕು ನನಗೆ. ದುರ್ಬೀನಿಗೂ ಬೇಕು."

"ಅಕ್ಕನ್ನ ಗೂಡಿಗೆ ತಳ್ಳಿದ ಅಂತ ಬೀದಿಯೋರು ನನ್ನ ಮುಖಕ್ಕೆ ಉಗೀತಾರೆ."

"ಉಗಿಯೋಕೆ ಬಂದವರನ್ನ ಮೇಲಕ್ಕೆ ಕಳಿಸು. ಉಂಗುರ ತೋರಿಸಿ ಕಳಿಸ್ತೀನಿ."

ತಮ್ಮ ಧಡಧಡ ಇಳಿದುಹೋದ. ಅಕ್ಕ ಅವನಿಗೆ ಅಷ್ಟು ಮಾತಾಡಿದ್ದು ಇದೇ ಮೊದಲು. ನೋವಾಗಿರುತ್ತದೆ ಎಂದು ಗೊತ್ತಿತ್ತು. ಹಿಂತೆಗೆದುಕೊಳ್ಳುವ ಮನಸ್ಸು ಮಾತ್ರ ಇರಲಿಲ್ಲ. ಎದ್ದು ವೆಲ್ಡರ್‌ಗೆ ಹೇಳಿದಳು:

"ನಾನು ಕೆಳಗೆ ಹೋಗಿ ಹಾಸಿಗೆ ತರಬೇಕು. ಈ ಕುರ್ಚಿಯನ್ನೇ ನಾನು ಅಂದುಕೊಂಡಿರು."

"ಕುರ್ಚಿ ಒಂದನ್ನೇ ಬಿಟ್ಟು ಹೋಗಲ್ಲ ಅನ್ನೋದಾದ್ರೆ ಹೇಳಿ, ಹಾಸಿಗೆ ನಾನೇ ಹೊತ್ತು ತರ್ತೀನಿ."

ಕೊನೆಗೆ ಅವನೇ ತಂದ. ಅಕ್ಕ ದಿಂಬು, ಸೀರೆಯ ಪೆಟ್ಟಿಗೆ, ನೀರಿನ ಹೂಜಿ ಎಂದು ಒಂದೊಂದಾಗಿ ಮೆಟ್ಟಿಲು ಏರಿಸಿದಳು. ಮಂಡಿ ಹಿಡಿದಾಗ ನಿಂತಳು, ಮತ್ತೆ ಏರಿದಳು. ತಮ್ಮ ಮೆಟ್ಟಿಲ ಬುಡದಲ್ಲಿ ಕೈಕಟ್ಟಿ ನಿಂತಿದ್ದವನು ಅವಳು ಹತ್ತಿರ ಬಂದಾಗ ದಾರಿ ಬಿಟ್ಟ, ಸಹಾಯಕ್ಕೆ ಕೈ ಚಾಚಲಿಲ್ಲ. ತಡೆಯಲೂ ಇಲ್ಲ. ತಮ್ಮನ ಹೆಂಡತಿ ಮಾತ್ರ ಪೊರಕೆ ಹಿಡಿದು ಯಾವಾಗಲೋ ಮೇಲೆ ಹೋಗಿ ಕೋಣೆಯ ಧೂಳು ತೆಗೆಯುತ್ತಿದ್ದಳು.

ಖಾಲಿಯಾದ ಭಟ್ಟಿಗೋಡೆಯ ಕೋಣೆಗೆ ತಮ್ಮ ಒಬ್ಬನೇ ಹೋದ. ಗೋಡೆಗೆ ಅಂಗೈ ಇಟ್ಟು ನೋಡಿದ. ಆಮೇಲೆ ಎಕ್ಸ್‌ಪ್ರೆಸ್‌ನನ್ನು ಕರೆದು ಮೊದಲ ಮೂಟೆಯನ್ನು ಒಳಕ್ಕೆ ಎಳೆಸಿದ. ಎಳೆಯುತ್ತ ಎಕ್ಸ್‌ಪ್ರೆಸ್ ಅಂದ:

"ಕೆಳಗೇ ಆಯ್ತಲ್ಲ ಧಣಿ. ಬಹಳ ಬೇಗ ಮುಗಿಯುತ್ತೆ."

"ನೀನು ಬೇಗ ಅನ್ನಬೇಡ, ಭಯ ಆಗುತ್ತೆ" ಎಂದ ತಮ್ಮ.

ಮಧ್ಯಾಹ್ನ ವೆಲ್ಡರ್ ಪೈಪುಗಳನ್ನು ಮತ್ತೆ ಗಾಡಿಗೆ ಏರಿಸುತ್ತಿದ್ದ. ತಮ್ಮ ಅವನ ಹತ್ತಿರ ಹೋಗಿ, ಮೇಲಿನ ಕಡೆ ನೋಡದೆ, ಅಕ್ಕನಿಗೆ ಕೇಳಿಸುವಷ್ಟೇ ಗಟ್ಟಿಯಾಗಿ ಹೇಳಿದ:

"ಮೆಟ್ಟಿಲ ಕೋಣೆ ಕಿಟಕಿಗೆ ಒಂದು ಬಾಗಿಲು ಮಾಡ್ಕೊಡು. ಗಾಳಿ ನುಗ್ಗಬಾರದು. ಅಳತೆ ತಗೊಂಡು ಹೋಗು."

"ಒಳಕ್ಕೆ ತೆರೆಯೋದಾ, ಹೊರಕ್ಕಾ?"

"ಅದನ್ನ ಅವಳನ್ನೇ ಕೇಳು. ನನ್ನನ್ನ ಯಾರು ಕೇಳ್ತಾರೆ ಈ ಮನೇಲಿ."

"ಹೊರಕ್ಕೆ" ಎಂದಳು ಅಕ್ಕ ಮೇಲಿನಿಂದ.

ಸಂಜೆ, ಮತ್ತೆ ಕವಿದಿದ್ದ ಮೋಡ ಹರಿದು ತುಂಡುತುಂಡಾಯಿತು. ಅಕ್ಕ ಊಟಕ್ಕೆ ಇಳಿಯಲಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಕೂರುವುದು ಅವಳ ರೂಢಿ. ಈಹೊತ್ತು ಬಡಿಸುವ ಮನಸ್ಸೂ ಇರಲಿಲ್ಲ, ಇಳಿದರೆ ಮತ್ತೆ ಏರಲು ಮಂಡಿಯೂ ಒಪ್ಪುತ್ತಿರಲಿಲ್ಲ. ಹೊದಿಕೆ ಹೊದ್ದು ಸ್ಟೂಲಿನ ಮೇಲೆ ಕೂತು, ಒಂದು ಮೋಡ ದಾಟಿ ಇನ್ನೊಂದು ಬರುವ ನಡುವೆ ಸಿಗುವಷ್ಟನ್ನು ನೋಡುತ್ತಿದ್ದಳು. ತಣ್ಣಗಿನ ಕೊಳವೆಯ ತುದಿಯಲ್ಲಿ ಶನಿ ಚೊಕ್ಕಟವಾಗಿ ನಿಂತಿತ್ತು. ಭೂಮಿ ತಿರುಗುತ್ತಿದ್ದುದರಿಂದ ಅದು ಮೆಲ್ಲಗೆ ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರುತ್ತಿತ್ತು. ಜಾರಿ ಮರೆಯಾದಾಗ ಕೊಳವೆಯನ್ನು ಬೆರಳಿನಿಂದ ಸ್ವಲ್ಪ ನೂಕಿ ಮತ್ತೆ ಹಿಡಿಯಬೇಕಿತ್ತು.

ಹಿಂದೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಬೆಳಕು ಅವಳ ಕಣ್ಣಿಗೆ ಬೀಳದಿರಲೆಂದು ಯಾರೋ ಮೆಟ್ಟಿಲ ದೀಪ ಆರಿಸಿದರು. ಹೆಜ್ಜೆಯ ಭಾರದಿಂದಲೇ ಯಾರೆಂದು ಗೊತ್ತಾಯಿತು. ಅವಳು ಕಣ್ಣು ತೆಗೆಯಲಿಲ್ಲ. ಗ್ರಹ ಇನ್ನೂ ಗಾಜಿನ ನಡುವಿನಲ್ಲಿತ್ತು.

ತಮ್ಮ, ಮೇಲೊಂದು ತಟ್ಟೆ ಮುಚ್ಚಿದ ಊಟದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ನೋಡಿ ಮುಗಿಸುವ ತನಕ ಪಕ್ಕದಲ್ಲಿ ನಿಂತ. ಶನಿ ಅಂಚಿಗೆ ಜಾರಿ, ಉಂಗುರದ ಒಂದು ಕೊನೆ ಮಾತ್ರ ಉಳಿದು, ಅದೂ ಹೋಯಿತು. ಅಕ್ಕ ತಲೆಯೆತ್ತಿದಳು. ಅವನು ತಟ್ಟೆಯನ್ನು ಅವಳ ಮಡಿಲಿಗೆ ಇಟ್ಟು, ಮೇಲಿನ ತಟ್ಟೆಯನ್ನು ತೆಗೆದ. "ಇವತ್ತು ಮೊದಲು ನೀನು ಉಣ್ಣು" ಎಂದ.